ದೈ ತಿಂಗಳಲ್ಲಿ ಹುಟ್ಟಿದವಳು

ಹೋದ ಶ್ರಾವಣದಲ್ಲಿ ಲಿಂಗಸುಗೂರಿನಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮಸ್ಕಿಯಲ್ಲಿ ಕುರಿ ಕಾಯುವ ಮುದುಕನೊಬ್ಬ ಹತ್ತಿ ನನ್ನ ಪಕ್ಕ ಕುಳಿತ. ಅವನ ಕಂಬಳಿ ಪೂರ್ತಿ ನೆನೆದಿತ್ತು. ಒದ್ದೆ ಉಣ್ಣೆಯ ವಾಸನೆಗೆ ಕಂಡಕ್ಟರ್ ಮುಖ ಸಿಂಡರಿಸಿ, ಕಿಟಕಿ ತೆಗೆಯಿರಿ ಎಂದು ನನಗೆ ಹೇಳಿದ. ನಾನು ತೆಗೆಯಲಿಲ್ಲ. ೧೯೫೪ರ ಆಗಸ್ಟಿನಲ್ಲಿ ಇದೇ ಮಸ್ಕಿಯಲ್ಲಿ, ಹಳ್ಳದ ನೀರು ಇಳಿಯಲೆಂದು ಕಾಯುತ್ತ, ಒಂದು ಇಡೀ ಹಗಲು ಇಂಥವೇ ಕಂಬಳಿಗಳ ನಡುವೆ ಕುಳಿತಿದ್ದೆ. ಆಗ ನನ್ನ ಜೇಬಿನಲ್ಲಿ ತಂಗಿಯ ಹೆಸರಿಗೆ ಬಂದ ಒಂದು ಕಾಗದವಿತ್ತು. ಅದನ್ನು ಯಾರಿಗೂ ತೋರಿಸಿರಲಿಲ್ಲ.

ಆ ವರ್ಷ ನಾನು ಮಸ್ಕಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಜೊತೆಗೆ ಒಂದು ದಿನಪತ್ರಿಕೆಗೆ ಸುತ್ತಲ ಊರುಗಳ ಸುದ್ದಿಯನ್ನು ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದೆ. ಯಾವ ಊರಲ್ಲಿ ಎಷ್ಟು ಮಳೆ, ಕಾಲುವೆಯ ಕೆಲಸ ಎಲ್ಲಿಗೆ ಬಂತು, ಹತ್ತಿಯ ಪೇಟೆ ಹೇಗಿದೆ, ಇಂಥವು. ನಾನು ಬರೆದ ತಾರೀಖು, ಹೆಸರು ತಪ್ಪಿದ್ದಿಲ್ಲ ಎಂಬ ಹೆಮ್ಮೆ ಇತ್ತು. ಮುಂದೆ ಅದೇ ನನ್ನ ಕಸುಬಾಯಿತು.

ನಮ್ಮ ಮನೆ ಸಿಂಧನೂರಿನಲ್ಲಿ. ಈಗ ಅಲ್ಲಿ ಬಸ್ಸಿಳಿದ ಕೂಡಲೇ ಭತ್ತ ಕುದಿಸುವ ವಾಸನೆ ಬರುತ್ತದೆ. ಆಗ ಭತ್ತವೇ ಇರಲಿಲ್ಲ. ಊರ ಸುತ್ತ ಜೋಳ, ಹತ್ತಿ, ಎರೆಭೂಮಿ. ಕಾಲುವೆಯನ್ನು ಇನ್ನೂ ಅಗೆಯುತ್ತಿದ್ದರು. ಲಾರಿಗಳು ಓಡಾಡಿ ಊರಿನ ದಾರಿ ಬೇಸಿಗೆಯಲ್ಲಿ ಧೂಳಾಗಿ, ಮಳೆಗಾಲದಲ್ಲಿ ಮೊಣಕಾಲ ಮಟ್ಟದ ಕೆಸರಾಗಿರುತ್ತಿತ್ತು. ಅಪ್ಪನದು ಬಜಾರಿನಲ್ಲಿ ಕಿರಾಣಿ ಅಂಗಡಿ. ಅವ್ವ ತೀರಿಕೊಂಡ ಮೇಲೆ ಅಪ್ಪನ ಅಕ್ಕ ಸಂಗವ್ವ, ಗಂಡ ಸತ್ತು ಸಾಲಗುಂದದಲ್ಲಿದ್ದವಳು, ನಮ್ಮ ಮನೆಗೆ ಬಂದು ನನ್ನನ್ನೂ ತಂಗಿ ನೀಲಾಳನ್ನೂ ಬೆಳೆಸಿದ್ದಳು. ನೀಲಾ ಗುಲ್ಬರ್ಗಾದಲ್ಲಿ ಬಂಧುಗಳ ಮನೆಯಲ್ಲಿದ್ದು ಇಂಟರ್‌ಮೀಡಿಯೆಟ್ ಓದಿ, ಆ ಬೇಸಿಗೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಳು. ಹೈದರಾಬಾದಿಗೆ ಹೋಗಿ ಡಾಕ್ಟರಿಕೆ ಓದಬೇಕೆಂದಳು. ಅಪ್ಪ ಎರಡು ದಿನ ಅಂಗಡಿಯಿಂದ ತಡವಾಗಿ ಬಂದು ಉಂಡು ಮಲಗಿದರು. ಮೂರನೆಯ ದಿನ, ಲಿಂಗಸುಗೂರಿಗೆ ಹೋಗಿ ವಕೀಲರನ್ನು ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ವಕೀಲರು ಎಂದರೆ ಚನ್ನಬಸಪ್ಪನವರು. ಅವರ ಹೆಂಡತಿ ಶರಣಮ್ಮ ಅಪ್ಪನಿಗೆ ಚಿಕ್ಕಪ್ಪನ ಮಗಳು, ನಮಗೆ ಅತ್ತೆ. ಅವರ ಮಗ ಅಮರೇಶನೂ ಅದೇ ಕಾಲೇಜಿಗೆ ಅರ್ಜಿ ಹಾಕುವವನಿದ್ದ. ಎರಡೂ ಅರ್ಜಿಗಳನ್ನು ವಕೀಲರ ಪಡಸಾಲೆಯಲ್ಲಿ ಕುಳಿತು ನಾನೇ ತುಂಬಿದೆ. ಇಂಗ್ಲಿಷ್ ಕಾಗದ ಹಳ್ಳಿಯ ಟಪಾಲಿನಲ್ಲಿ ಕಳೆದುಹೋಗಬಾರದೆಂದು ಎರಡಕ್ಕೂ ವಕೀಲರ ವಿಳಾಸವನ್ನೇ ಕೊಟ್ಟೆವು. ಅಂದು ಅಪ್ಪ, ಸಂಗವ್ವತ್ತೆ, ನೀಲಾ ಎಲ್ಲರೂ ಬಂದಿದ್ದರು. ಅರ್ಜಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಮನೆಯ ಮಾತು.

ಹೈದರಾಬಾದಿನಲ್ಲಿ ನೀಲಾ ಎಲ್ಲಿರಬೇಕು? ಹೆಣ್ಣುಮಕ್ಕಳ ಹಾಸ್ಟೆಲಿಗೆ ಅಪ್ಪ ಒಪ್ಪಲಿಲ್ಲ. ವಕೀಲರು ಪರಿಚಯದವರ ಮೂಲಕ ಒಂದು ಮನೆ ಗೊತ್ತು ಮಾಡಿದ್ದರು. ಕೆಳಗೆ ಎರಡು ಕೋಣೆ, ಅಡುಗೆಮನೆ, ಮೇಲೆ ಒಂದು ಕೋಣೆ. ಯಾವುದೋ ಹಳೆಯ ದಾವೆಯ ಕಾಗದದ ಹಿಂಬದಿಯಲ್ಲಿ ಅದರ ನಕ್ಷೆ ಬರೆದು ತೋರಿಸಿದರು. ಮೇಲಿನ ಕೋಣೆ ಅಮರೇಶನಿಗೆ, ಕೆಳಗೆ ನೀಲಾ ಮತ್ತು ಸಂಗವ್ವತ್ತೆ. ಅಡುಗೆ ಅತ್ತೆಯದು. ತಿಂಗಳಿಗೊಮ್ಮೆ ಊರಿಂದ ಜೋಳ ಹೋಗಬೇಕು. ಸಂಗವ್ವತ್ತೆ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪೂಜೆಗೆ ಕೂಡುವ ಜಾಗ ಯಾವುದು, ಬೀಸುಕಲ್ಲು ಎಲ್ಲಿಡಬೇಕು, ಕುಡಿಯುವ ನೀರು ಯಾರು ಮುಟ್ಟಿದ್ದು ಎಂದೆಲ್ಲ ಕೇಳಿದಳು.

"ಹೈದ್ರಾಬಾದಿನ ನೀರಾಗ ಬ್ಯಾಳಿ ಬೇಯ್ತಾವೇನ್ರಿ ವಕೀಲ್ರ? ಮದಲ ಅದನ್ನ ಹೇಳ್ರಿ. ನಿಮ್ಮ ಕಾನೂನು ಆಮ್ಯಾಲ."

"ಬೇಯಲಿಲ್ಲಂದ್ರ ನವಾಬರು ಇಷ್ಟು ವರ್ಷ ಹೆಂಗ ಉಂಡ್ರಕ್ಕಾ?"

"ಅವ್ರೆಲ್ಲಿ ಬ್ಯಾಳಿ ಉಂಡ್ರು," ಎಂದಳು ಅತ್ತೆ.

ಶರಣಮ್ಮನವರ ಶರತ್ತು ಬೇರೆಯಿತ್ತು. ಹುಡುಗ ಹುಡುಗಿ ಒಂದೇ ಮನೆಯಲ್ಲಿರುವುದಾದರೆ ಮೊದಲು ನಿಶ್ಚಯ ಮುಗಿಯಬೇಕು. ಕೊಟ್ಟು ತರಬಹುದಾದ ಸಂಬಂಧವೇ ಆದರೂ, ಯಾರೂ ಮಾತಾಡುವಂತಿರಬಾರದು. ಅಮರೇಶ ತಲೆ ಬಗ್ಗಿಸಿ ಕುಳಿತಿದ್ದ. ಅವನು ಒಳ್ಳೆಯ ಹುಡುಗ. ನೀಲಾ ಮಾತ್ರ ನೇರ ಹೇಳಿದಳು:

"ಅತ್ತಿ, ಕಾಗದ ಬರ್ಲಿ. ಸೀಟು ಸಿಕ್ಕ ಮ್ಯಾಲ ಮನಿ. ಮನಿ ಸಿಕ್ಕ ಮ್ಯಾಲ ಉಳಿದದ್ದು."

ಕೊನೆಗೆ ಹಿರಿಯರ ನಡುವೆ ಒಂದು ಒಪ್ಪಂದವಾಯಿತು. ಸೀಟು ಬಂದರೆ ನಿಶ್ಚಯವೊಂದೇ, ಮದುವೆ ಓದು ಮುಗಿದ ಮೇಲೆ. ಬರದಿದ್ದರೆ ಮಾಘದಲ್ಲಿ ಮದುವೆ. ಹೈದರಾಬಾದಿನ ಮನೆಯವನಿಗೆ ಆಗಸ್ಟ್ ಮುಗಿಯುವವರೆಗೆ ಕಾಯಲು ವಕೀಲರು ಬರೆದರು.

ಅರ್ಜಿಯಲ್ಲಿ ಹುಟ್ಟಿದ ತಾರೀಖು ಬರೆಯುವಾಗ ಒಂದು ಸಣ್ಣ ವಾದವಾಯಿತು. ನಿಜಾಮರ ಕಾಲದಲ್ಲಿ ಹುಟ್ಟಿದ ನಮ್ಮೆಲ್ಲರ ತಾರೀಖು ಶಾಲೆಯ ದಫ್ತರದಲ್ಲಿ ಉರ್ದುವಿನಲ್ಲಿ, ಫಸಲಿ ವರ್ಷದಲ್ಲಿತ್ತು. ನೀಲಾಳದು ೧೩೪೬ ಫಸಲಿ, ದೈ ತಿಂಗಳು. ಅದನ್ನು ಇಂಗ್ಲಿಷ್ ವರ್ಷಕ್ಕೆ ತರಬೇಕು. ಬಜಾರಿನ ಮಂದಿ ಐನೂರ ತೊಂಬತ್ತು ಕೂಡಿಸಿ ಮುಗಿಸುತ್ತಿದ್ದರು. ಅಪ್ಪನೂ ಬೆರಳೆಣಿಸಿ, ಮೂವತ್ತಾರನೇ ಇಸವಿ, ನವೆಂಬರದ ಚಳಿ ಎಂದರು. ನಾನು ಒಪ್ಪಲಿಲ್ಲ. ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಅದರ ಹೆಚ್ಚಿನ ತಿಂಗಳುಗಳು ಮುಂದಿನ ಇಂಗ್ಲಿಷ್ ವರ್ಷದಲ್ಲೇ ಬೀಳುತ್ತವೆ. ಆದ್ದರಿಂದ ಐನೂರ ತೊಂಬತ್ತೊಂದು ಕೂಡಿಸಬೇಕು, ಬಜಾರಿನ ಲೆಕ್ಕ ತಪ್ಪು ಎಂದು ತಿದ್ದಿದೆ. ೧೯೩೭ರ ನವೆಂಬರ್ ಎಂದು ಬರೆದೆ. ಶಾಲೆಯ ಉರ್ದು ದಾಖಲೆಯ ನನ್ನ ಇಂಗ್ಲಿಷ್ ಅನುವಾದಕ್ಕೆ ವಕೀಲರು ನೋಡದೆಯೇ ಸಹಿ ಹಾಕಿದರು. ಮಾಸ್ತರ ಲೆಕ್ಕ ಹಾಕಿದ ಮೇಲೆ ನೋಡುವುದೇನು ಎಂದರು.

ಆಮೇಲೆ ಕಾಯುವುದು. ಜೂನ್ ಹೋಯಿತು. ಜುಲೈಯಲ್ಲಿ ಮಳೆ ಹಿಡಿಯಿತು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಲಿಂಗಸುಗೂರಿನ ಬಸ್ಸು ಹತ್ತುತ್ತಿದ್ದೆ. ವಕೀಲರ ಮನೆಯ ಕಟ್ಟೆಯ ಮೇಲೆ ಕುಳಿತು, ಟಪಾಲಿನವನು ಬಂದು ಹೋಗುವವರೆಗೆ ಕಾದು, ಬರಿಗೈಯಲ್ಲಿ ಮಸ್ಕಿಗೆ ಮರಳುತ್ತಿದ್ದೆ. ಭಾನುವಾರ ಸಿಂಧನೂರಿಗೆ ಹೋದರೆ ನೀಲಾ ಬಾಗಿಲಿಗೆ ಬರುತ್ತಿರಲಿಲ್ಲ. ಒಳಗಿನಿಂದಲೇ ನನ್ನ ಹೆಜ್ಜೆ ಕೇಳಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಗುಲ್ಬರ್ಗಾದ ಗೆಳತಿಯರಿಂದ ತಂದ ಪುಸ್ತಕಗಳನ್ನು ಮತ್ತೆ ಮತ್ತೆ ಓದುತ್ತಿದ್ದಳು. ಸಂಗವ್ವತ್ತೆ ಮಸಾಲೆ ಕುಟ್ಟಿ ಡಬ್ಬಿಗೆ ತುಂಬಿದಳು. ಹುಳ ಬಿದ್ದಿತೆಂದು ಬಿಸಿಲಿಗೆ ಹಾಕಿ ಮತ್ತೆ ತುಂಬಿದಳು. ಬಿಸಿಲು ಸಿಗುವುದೇ ಕಷ್ಟವಾಗಿತ್ತು. ಅಂಗಡಿಗೆ ಬಂದವರೆಲ್ಲ, ಮಗಳ ಕಾಗದ ಬಂತೇನ್ರಿ ಎಂದು ಕೇಳಿ ಕೇಳಿ, ಆಗಸ್ಟಿನ ಹೊತ್ತಿಗೆ ಕೇಳುವುದನ್ನು ಬಿಟ್ಟಿದ್ದರು.

ಆಗಸ್ಟ್ ಹದಿನಾಲ್ಕು ಶನಿವಾರ. ವಕೀಲರು ಕಟ್ಟೆಯ ಮೇಲೇ ನನಗಾಗಿ ಕಾದಿದ್ದರು. ಅಮರೇಶನಿಗೆ ಸೀಟು ಸಿಕ್ಕಿತ್ತು. ಇನ್ನೊಂದು ಲಕೋಟೆ ಒಡೆದಿರಲಿಲ್ಲ; ಹೆಣ್ಣುಮಗಳ ಹೆಸರಿನ ಕಾಗದ, ನೀನೇ ಒಡಿ ಎಂದು ಕೊಟ್ಟರು. ನಾನು ಅಂಗಳಕ್ಕೆ ಇಳಿದು ಬೇವಿನ ಮರದ ಕೆಳಗೆ ಓದಿದೆ. ಅಕ್ಟೋಬರ್ ಒಂದಕ್ಕೆ ಅಭ್ಯರ್ಥಿಗೆ ಹದಿನೇಳು ತುಂಬಿರಬೇಕು. ಅರ್ಜಿಯಲ್ಲಿ ಕೊಟ್ಟ ತಾರೀಖಿನ ಪ್ರಕಾರ ತುಂಬುವುದಿಲ್ಲ. ಆದ್ದರಿಂದ ಅರ್ಜಿಯನ್ನು ಪರಿಶೀಲಿಸಿಲ್ಲ. ತಾರೀಖಿನಲ್ಲಿ ತಪ್ಪಿದ್ದರೆ ಮೂಲ ದಾಖಲೆಯ ಪ್ರಮಾಣಿತ ನಕಲು ಆಗಸ್ಟ್ ಇಪ್ಪತ್ತರೊಳಗೆ ಕಚೇರಿಗೆ ತಲುಪಬೇಕು.

ನಿಂತಲ್ಲೇ ಲೆಕ್ಕ ಹಾಕಿದೆ. ಆಜುರ್, ದೈ, ಬಹಮನ್. ಫಸಲಿ ವರ್ಷದ ಈ ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಡಿಸೆಂಬರಿನೊಳಗೇ ಮುಗಿದುಹೋಗುತ್ತವೆ. ಈ ಮೂರಕ್ಕೆ ಮಾತ್ರ ಬಜಾರಿನ ಲೆಕ್ಕವೇ ಸರಿ. ದೈ ತಿಂಗಳಲ್ಲಿ ಹುಟ್ಟಿದವಳನ್ನು ನಾನು ಒಂದು ವರ್ಷ ಚಿಕ್ಕವಳನ್ನಾಗಿ ಮಾಡಿದ್ದೆ.

ವಕೀಲರು ಕಟ್ಟೆಯಿಂದ, ಏನಂತ, ಎಂದು ಕೇಳಿದರು.

"ಆಗಲಿಲ್ರಿ ಮಾಮಾ," ಎಂದೆ.

ಆ ಮಾತನ್ನು ಏಕೆ ಆಡಿದೆನೆಂದು ಬಹಳ ಸಲ ಯೋಚಿಸಿದ್ದೇನೆ. ಇಪ್ಪತ್ತರೊಳಗೆ ಸರಿಪಡಿಸಿ, ಕಾಲೇಜಿನವರು ಮೊದಲು ಇಲ್ಲ ಎಂದಿದ್ದರು, ಈಗ ಹೌದು ಎಂದಿದ್ದಾರೆ ಎಂದು ಹೇಳಿದರಾಯಿತು ಎಂದುಕೊಂಡೆ. ತಪ್ಪು ಯಾರದೆಂದು ಯಾರಿಗೂ ತಿಳಿಯುವ ಅಗತ್ಯವಿಲ್ಲ. ಆರು ದಿನಗಳಿದ್ದವು.

ಭಾನುವಾರ ಶಾಲೆಯಲ್ಲಿ ಧ್ವಜಾರೋಹಣ, ಬಿಟ್ಟು ಹೊರಡುವಂತಿರಲಿಲ್ಲ. ಅಂದು ಸಂಜೆಯಿಂದ ಸುರಿದ ಮಳೆಗೆ ಸೋಮವಾರ ಊರಾಚೆಯ ಹಳ್ಳ ತುಂಬಿ ಬಂತು. ಸಿಂಧನೂರಿನ ಬಸ್ಸು ಈಚೆ ದಡದಲ್ಲೇ ನಿಂತಿತು. ಕುರಿ ಕಾಯುವವರು, ಸಂತೆಗೆ ಹೊರಟವರು, ಬಾಣಂತಿಯೊಬ್ಬಳನ್ನು ತವರಿಗೆ ಒಯ್ಯುವವರು, ಎಲ್ಲರೂ ಬಸ್ಸಿನೊಳಗೇ ಕುಳಿತರು. ನೀರಲ್ಲಿ ನೆಟ್ಟ ಕಲ್ಲಿನ ಗುರುತು ಕಾಣಲಿ ಎಂದ ಡ್ರೈವರ್, ಬೀಡಿ ಮುಗಿದ ಮೇಲೆ ಮಲಗಿಬಿಟ್ಟ. ಕತ್ತಲಾಗುವವರೆಗೂ ಕಲ್ಲು ಕಾಣಲಿಲ್ಲ.

ಮಂಗಳವಾರ ಮಧ್ಯಾಹ್ನ ಸಿಂಧನೂರು ಮುಟ್ಟಿ, ಮನೆಗೆ ಹೋಗದೆ ನೇರ ತಹಸೀಲ್ ಕಚೇರಿಗೆ ಹೋದೆ. ಶಾಲೆಯ ಹಳೆಯ ಉರ್ದು ದಫ್ತರಗಳೆಲ್ಲ ಅಲ್ಲಿನ ಕೋಣೆಯಲ್ಲಿದ್ದವು. ಅವನ್ನು ಓದಿ ನಕಲು ಮಾಡಿಕೊಡುತ್ತಿದ್ದವನು ಒಬ್ಬನೇ ಗುಮಾಸ್ತ. ಕಾಲುವೆಗೆ ಹೋಗುವ ಹೊಲಗಳ ಹಳೆಯ ಕಾಗದ ಓದಲು ಅವನನ್ನು ಮುಕ್ಕುಂದಕ್ಕೆ ಕಳಿಸಿದ್ದರು. ನಾಳೆ ಬರಬಹುದು, ಇಲ್ಲದಿದ್ದರೆ ನಾಡಿದ್ದು ಎಂದರು.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕುಳಿತೆ. ವಕೀಲರಿಂದ ಸುದ್ದಿ ಬರುವ ಮೊದಲು ನಾನೇ ಹೇಳಬೇಕಿತ್ತು. ಸೀಟು ಆಗಲಿಲ್ಲ ಎಂದೆ. ಅಪ್ಪ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿ, ಮತ್ತೆ ಮುರಿದರು. ಸಂಗವ್ವತ್ತೆ ಒಳಗೆ ಹೋದಳು. ನೀಲಾ ನೀರಿನ ತಂಬಿಗೆ ಇಟ್ಟು, ಒಂದೇ ಪ್ರಶ್ನೆ ಕೇಳಿದಳು.

"ಮಾರ್ಕ್ಸು ಕಮ್ಮಿ ಬಿದ್ವಂತೇನಣ್ಣ?"

"ಕಾರಣ ಏನೂ ಬರ್ದಿಲ್ಲ," ಎಂದೆ.

ಆ ಗುಮಾಸ್ತ ಅಪ್ಪನ ಅಂಗಡಿಯ ಗಿರಾಕಿ. ಹಬ್ಬಕ್ಕೆ ನಮ್ಮಲ್ಲಿ ಉಂಡು ಹೋಗುವವನು. ಅಪ್ಪನಿಗೆ ಹೇಳಿದ್ದರೆ ಬೆಳಗಾಗುವುದರೊಳಗೆ ಮುಕ್ಕುಂದಕ್ಕೆ ಬಂಡಿ ಹೋಗುತ್ತಿತ್ತು. ಇದು ಆ ಸಂಜೆಯೇ ನನಗೆ ಗೊತ್ತಿತ್ತು. ಆದರೂ ಬುಧವಾರ ಇಡೀ ದಿನ ಕಚೇರಿಯ ಮುಂದಿನ ಕಟ್ಟೆಯಲ್ಲಿ ಒಬ್ಬನೇ ಕುಳಿತೆ. ಗುಮಾಸ್ತ ಗುರುವಾರ ಹತ್ತಕ್ಕೆ ಬಂದ. ನಕಲು ಬರೆದು, ಸಹಿ ಮೊಹರು ಆಗುವಷ್ಟರಲ್ಲಿ ಟಪಾಲಿನ ಚೀಲ ಹೊರಟುಹೋಗಿತ್ತು. ತಂತಿ ಕೊಟ್ಟೆ. ಮರುದಿನ ರಿಜಿಸ್ಟರ್ ಮಾಡಿದೆ. ಉತ್ತರಕ್ಕೆ ನನ್ನ ಮಸ್ಕಿಯ ವಿಳಾಸ ಕೊಟ್ಟೆ.

ಉತ್ತರ ಹತ್ತು ದಿನದಲ್ಲಿ ಬಂತು. ವಯಸ್ಸು ಸರಿಯಿದೆ, ದಾಖಲೆ ಗಡುವಿನ ನಂತರ ತಲುಪಿದೆ, ಸೀಟುಗಳು ಭರ್ತಿಯಾಗಿವೆ, ಮುಂದಿನ ವರ್ಷ ಅರ್ಜಿ ಹಾಕಬಹುದು. ಈ ಕಾಗದವನ್ನೂ ಮೊದಲನೆಯದರ ಜೊತೆಗೆ ಜೇಬಿಗೆ ಸೇರಿಸಿದೆ. ಹೈದರಾಬಾದಿನ ಮನೆಯನ್ನು ವಕೀಲರು ಬಿಟ್ಟುಕೊಟ್ಟರು. ನಾ ಹೊಂಟಿದ್ದು ನನ್ನ ಕೂಸಿನ ಸಲುವಾಗಿ ಎಂದು ಸಂಗವ್ವತ್ತೆ ಹೇಳಿಕಳಿಸಿದ್ದಳು. ಅಮರೇಶ ನಮ್ಮ ಸಮಾಜದ ಹುಡುಗರ ಬೋರ್ಡಿಂಗಿಗೆ ಸೇರಿದ. ನೀಲಾ ಪುಸ್ತಕಗಳನ್ನು ಹಳೆಯ ಸೀರೆಯಲ್ಲಿ ಕಟ್ಟಿ, ಗುಲ್ಬರ್ಗಾಕ್ಕೆ ಹೋಗುವವರು ಸಿಕ್ಕರೆ ಕೊಡೆಂದು ನನ್ನ ಕೈಗಿತ್ತಳು.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ವಕೀಲರೂ ಶರಣಮ್ಮನವರೂ ಸಿಂಧನೂರಿಗೆ ಬಂದರು. ಮಾಘದ ಮಾತು ಪಕ್ಕಾ ಮಾಡುವುದಕ್ಕೆ. ಶರಣಮ್ಮನವರು ಕೆಟ್ಟವರಲ್ಲ. ಚಹಾ ತಂದ ನೀಲಾಳನ್ನು ಪಕ್ಕಕ್ಕೆ ಕರೆದು, ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು.

"ಎಲ್ಲಾರ ತಲಿಗೂ ಅದು ಹತ್ತಂಗಿಲ್ಲ ಬಿಡವ್ವ. ಅಮರೇಶ ಡಾಕ್ಟರ್ ಆದ ಅಂದ್ರ ನೀನೂ ಆದಂಗ."

"ಹೌದ್ರಿ ಅತ್ತಿ," ಎಂದಳು ನೀಲಾ. "ನಂಗ ಅಷ್ಟು ಬುದ್ಧಿ ಇಲ್ಲ."

ಅವಳು ಅದನ್ನು ನಂಬಿ ಹೇಳಿದಳು. ಅಳಲಿಲ್ಲ, ವ್ಯಂಗ್ಯವೂ ಇರಲಿಲ್ಲ. ತಿಂಗಳೊಳಗೆ ಅವಳಿಗೆ ಅದು ರೂಢಿಯಾಗಿತ್ತು. ನಾನು ಎದ್ದು ಎರಡೂ ಕಾಗದಗಳನ್ನು ಅವಳ ಕೈಗೆ ಕೊಟ್ಟೆ.

ಚಹಾದ ತಾಟನ್ನು ನೆಲಕ್ಕಿಟ್ಟು ನಿಂತೇ ಓದಿದಳು. ಮೊದಲನೆಯದನ್ನು ಎರಡು ಸಲ ಓದಿದಳು.

"ಯಾವಾಗ ಬಂತಿದು?"

"ಹದಿನಾಲ್ಕಕ್ಕ."

"ಮಂಗಳವಾರ ನಾ ಕೇಳಿದಾಗ ಎಲ್ಲಿತ್ತು?"

ನಾನು ಜೇಬು ಮುಟ್ಟಿ ತೋರಿಸಿದೆ. ಅವಳು ಅಪ್ಪನ ಕಡೆ ತಿರುಗಿ, ಕಾಗದಗಳನ್ನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಹೇಳಿದಳು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ನಾ ಆಗಲೇ ಹೇಳಿದ್ದೆ ಎಂದು ಅವರು ಅನ್ನಬಹುದಿತ್ತು, ಅನ್ನಲಿಲ್ಲ.

"ಆವತ್ತು ನೀ ಇಲ್ಲೇ ಉಂಡಿ," ಎಂದರು ನನಗೆ. ಅಷ್ಟೇ.

ವಕೀಲರು ಅನುವಾದದಲ್ಲಿ ತಮ್ಮ ಸಹಿಯೂ ಇದೆ, ತಪ್ಪು ತಮ್ಮದೂ ಹೌದು ಎಂದು ಮೆಲ್ಲಗೆ ಹೇಳಿದರು. ಅಪ್ಪ ಅವರಿಗೆ ಹೇಳಿದರು: "ನನ್ನ ಮಗಳು ನಪಾಸ ಆಗಿಲ್ರಿ ವಕೀಲ್ರ. ಮಾಘದ ಮಾತು ಬ್ಯಾಡ."

ಶರಣಮ್ಮನವರಿಗೆ ಬೇಸರವಾಯಿತು. ಮುಂದೆ ಅಮರೇಶನಿಗೆ ಬೀದರಿನ ಕಡೆಯ ಹುಡುಗಿಯನ್ನು ತಂದರು. ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ.

ಅವರು ಹೋದ ಮೇಲೆ ಹಿತ್ತಲಿಗೆ ಹೋದೆ. ನೀಲಾ ಬಾವಿಕಟ್ಟೆಯ ಹತ್ತಿರ ಚಹಾದ ಬಟ್ಟಲು ತೊಳೆಯುತ್ತಿದ್ದಳು. ಏನು ಹೇಳಬೇಕೆಂದು ನಾನು ಯೋಚಿಸಿಕೊಂಡು ಹೋಗಿರಲಿಲ್ಲ. ಅವಳೇ ಮಾತಾಡಿದಳು. ತಲೆಯೆತ್ತಲಿಲ್ಲ.

"ತಪ್ಪು ನಿಂದು. ಹಾಳಾದ ವರ್ಷ ನಂದು. ಮುಂದಿನ ಅರ್ಜಿ ನಾನ ಬರೀತೀನಿ, ನೀ ಮುಟ್ಟಬ್ಯಾಡ. ನೀ ಹೈದ್ರಾಬಾದಿಗೆ ಹೋಗಿ ಮನಿ ನೋಡು. ನಂಗೂ ಸಂಗವ್ವತ್ತಿಗೂ. ಮತ್ಯಾರ ಜೋಡಿನೂ ಅಲ್ಲ."

ಮುಂದಿನ ಬೇಸಿಗೆಯ ರಜೆಯಲ್ಲಿ ಹೋದೆ. ಹನ್ನೊಂದು ದಿನ ಆ ಊರಿನ ಓಣಿಗಳಲ್ಲಿ ತಿರುಗಿದೆ. ಗಂಡಸರಿಲ್ಲದ ಮನೆಯೇ ಎಂದು ಕೆಲವರು ಬಾಗಿಲು ಹಾಕಿದರು. ಸೀಟು ಸಿಕ್ಕಿದೆಯೇ ಎಂದು ಕೆಲವರು ಕೇಳಿದರು. ಇನ್ನೂ ಇಲ್ಲ ಎಂದರೆ ನಕ್ಕರು. ಕೊನೆಗೆ ಹಣ್ಣಿನ ವ್ಯಾಪಾರದ ಮುದುಕಿಯೊಬ್ಬಳು ಹಿಂಬದಿಯ ಎರಡು ಕೋಣೆ ಕೊಡಲು ಒಪ್ಪಿದಳು. ಎಷ್ಟು ದಿನಕ್ಕೆ ಎಂದಳು. ಐದು ವರ್ಷಕ್ಕೆ ಎಂದೆ. ಜುಲೈ ಕೊನೆಯಲ್ಲಿ ನೀಲಾಳಿಗೆ ಕಾಗದ ಬಂತು. ಈ ಸಲ ಅದು ಅಪ್ಪನ ಅಂಗಡಿಯ ವಿಳಾಸಕ್ಕೆ, ಅವಳ ಹೆಸರಿಗೆ ಬಂದಿತ್ತು. ಟಪಾಲಿನವನ ಕೈಯಿಂದ ಅವಳೇ ಇಸಿದುಕೊಂಡು ಓದಿದಳಂತೆ. ನನಗೆ ಮಸ್ಕಿಗೆ ತಿಳಿದದ್ದು ನಾಲ್ಕು ದಿನದ ಮೇಲೆ.

ಅವಳೂ ಸಂಗವ್ವತ್ತೆಯೂ ಆ ಎರಡು ಕೋಣೆಗಳಲ್ಲಿ ಐದು ವರ್ಷ ಇದ್ದರು. ನಾನು ಹೋದಾಗಲೆಲ್ಲ ನೀಲಾ ಊಟಕ್ಕೆ ಬಡಿಸುತ್ತಿದ್ದಳು, ಪತ್ರಿಕೆಯ ಕೆಲಸ ಹೇಗಿದೆ ಎಂದು ಕೇಳುತ್ತಿದ್ದಳು. ಆ ಆಗಸ್ಟಿನ ಮಾತು ನಮ್ಮ ನಡುವೆ ಮತ್ತೆ ಬರಲಿಲ್ಲ.

ಅವಳು ಕೊನೆಯ ವರ್ಷದಲ್ಲಿದ್ದಾಗ, ಪರೀಕ್ಷೆಗೆ ಇನ್ನು ಮೂರು ವಾರವಿದೆ ಎನ್ನುವಾಗ, ಅಪ್ಪ ಹಾಸಿಗೆ ಹಿಡಿದರು. ನೀಲಾ ಬಂದಳು. ಒಂದು ವರ್ಷ ಮೊದಲೇ ಓದು ಮುಗಿಸಿ ಲಿಂಗಸುಗೂರಿನಲ್ಲಿ ದವಾಖಾನೆ ತೆರೆದಿದ್ದ ಅಮರೇಶನೂ ಬಂದ. ಇಬ್ಬರೂ ಅಪ್ಪನ ನಾಡಿ ನೋಡಿದರು, ಎದೆಗೆ ಕೊಳವೆಯಿಟ್ಟು ಕೇಳಿದರು, ತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಅಪ್ಪನಿಗೆ ಆಗ ಪೂರ್ತಿ ಎಚ್ಚರವಿತ್ತು. ಔಷಧದ ಚೀಟಿ ಬರೆಯುವ ಹೊತ್ತಿಗೆ ಅಮರೇಶ ತನ್ನ ಪೆನ್ನನ್ನು ನೀಲಾಳ ಕಡೆ ಚಾಚಿದ.

"ನಿಮ್ಮಪ್ಪ ಇವರು. ನೀ ಬರಿ," ಎಂದ.

"ನಂಗಿನ್ನೂ ಹಕ್ಕಿಲ್ಲ," ಎಂದಳು ನೀಲಾ. "ನೀನ ಬರಿ."

ನಾನು ಅಪ್ಪನ ಕಾಲ ಬಳಿ ನಿಂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಅಪ್ಪ ನೋಡಿದರು.